ಫ್ರಾಂಕ್ಲಿನ್‌ಗೆ ಮೂರು ಸೀಸನ್ ಕೊಡೋಣ

ಅಮೆರಿಕದ ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಹೆಸರು, ಜೇಮ್ಸ್ ಫ್ರಾಂಕ್ಲಿನ್. ಇಲ್ಲಿನ ವರ್ಜೀನಿಯಾ ಟೆಕ್ ಕಾಲೇಜಿನ ಫುಟ್‌ಬಾಲ್ ತಂಡದ ಹೊಸ ಕೋಚ್. ಅವರು ಇಲ್ಲಿ ಇನ್ನೂ ಒಂದು ಮ್ಯಾಚ್ ಕೂಡ ಆಡಿಸಿಲ್ಲ. ಆಗಲೇ ನಮ್ಮ ಅಭಿಮಾನಿಗಳಲ್ಲಿ ಎರಡು ಗುಂಪಾಗಿದೆ. ಒಂದು ಗುಂಪಿಗೆ ಮೊದಲ ವರ್ಷವೇ ಹತ್ತು ಗೆಲುವು ಬೇಕು. ಇನ್ನೊಂದು ಗುಂಪು "ದೊಡ್ಡ ಮ್ಯಾಚ್ ಗೆಲ್ಲೋಕೆ ಈತನಿಂದ ಆಗಲ್ಲ" ಅಂತ ತೀರ್ಪು ಕೊಟ್ಟು ಮುಗಿಸಿದೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಊರಿನ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು. ಸಾಮಾನ್ಯವಾಗಿ ಸೀಸನ್‌ಗೆ ಹನ್ನೆರಡೇ ಮ್ಯಾಚ್, ಹಾಗಾಗಿ ಒಂದು ಸೋಲೂ ಭಾರ. ಬ್ಲ್ಯಾಕ್ಸ್‌ಬರ್ಗ್‌ನ ಲೇನ್ ಸ್ಟೇಡಿಯಂನಲ್ಲಿ 65,000ಕ್ಕೂ ಜಾಸ್ತಿ ಜನ ಕೂರುತ್ತಾರೆ. ಊರಿನ ಜನಸಂಖ್ಯೆಯೇ ಅಷ್ಟಿಲ್ಲ. ಇಲ್ಲಿನವರಿಗೆ ಈ ಆಟ ಎಷ್ಟು ಮುಖ್ಯ ಅಂತ ಇದರಲ್ಲೇ ತಿಳಿಯುತ್ತದೆ.

ತಾಳ್ಮೆಯ ಮಾತು ಬಂದರೆ ಇಲ್ಲಿ ಎಲ್ಲರೂ ಫ್ರಾಂಕ್ ಬೀಮರ್ ಹೆಸರು ಹೇಳುತ್ತಾರೆ. ಅವರು ಇದೇ ಕಾಲೇಜಿನ ಹಳೆಯ ಆಟಗಾರ, ಪಕ್ಕದ ಹಿಲ್ಸ್‌ವಿಲ್ ಕಡೆಯವರು. 1987ರಲ್ಲಿ ಕೋಚ್ ಆದರು. ಮೊದಲ ವರ್ಷ ಗೆದ್ದಿದ್ದು 2, ಸೋತಿದ್ದು 9. ಮರುವರ್ಷ 3 ಗೆಲುವು. ನಂತರ ಸ್ವಲ್ಪ ಮೇಲೆ ಬಂದರು, ಮತ್ತೆ ಕುಸಿದರು. 1992ರಲ್ಲಿ 2 ಗೆಲುವು, 8 ಸೋಲು, 1 ಡ್ರಾ. ಆರು ವರ್ಷದ ಲೆಕ್ಕ 24 ಗೆಲುವು, 40 ಸೋಲು. ಇಂದು ಯಾವ ಕಾಲೇಜಿನಲ್ಲಾದರೂ ಇಂಥ ಕೋಚ್ ಉಳಿಯುತ್ತಾರಾ? ನಾಲ್ಕನೇ ವರ್ಷದ ತನಕ ಹೋದರೆ ಅದೇ ಹೆಚ್ಚು.

ಆದರೆ ಆಗಿನ ಕ್ರೀಡಾ ನಿರ್ದೇಶಕ ಡೇವ್ ಬ್ರೇನ್, ಬೀಮರ್‌ರನ್ನು ಉಳಿಸಿಕೊಂಡರು. 1993ರಲ್ಲಿ ತಂಡ 9 ಮ್ಯಾಚ್ ಗೆದ್ದಿತು. ಇಂಡಿಪೆಂಡೆನ್ಸ್ ಬೌಲ್‌ನಲ್ಲಿ ಇಂಡಿಯಾನಾವನ್ನು 45-20ರಿಂದ ಸೋಲಿಸಿತು. ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ವಿಶೇಷ ಮ್ಯಾಚ್. ಅಲ್ಲಿಂದ ಸತತ 23 ಸೀಸನ್ ಬೌಲ್ ಮ್ಯಾಚ್ ತಪ್ಪಲಿಲ್ಲ. ಸ್ಟಾರ್ ಆಟಗಾರ ಮೈಕಲ್ ವಿಕ್ ಇದ್ದ 1999ರ ತಂಡ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್ ತನಕ ಹೋಯಿತು. 2015ರಲ್ಲಿ ಬೀಮರ್ ನಿವೃತ್ತರಾದಾಗ ಇಲ್ಲಿ ಅವರ ಗೆಲುವು 238.

ಈ ಕಥೆ ಕೇಳಿ ಎಷ್ಟೋ ಜನ "ಆರು ವರ್ಷ ಸುಮ್ನೆ ಕಾಯಿರಿ, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ಕಥೆ ಹಾಗಿಲ್ಲ. ಬೀಮರ್ ಬಂದಾಗ ಹಿಂದಿನವರ ಕಾಲದ ನಿಯಮ ಉಲ್ಲಂಘನೆಗೆ ಶಿಕ್ಷೆಯಾಗಿ ಸ್ಕಾಲರ್‌ಶಿಪ್‌ಗಳಿಗೆ ಕತ್ತರಿ ಬಿದ್ದಿತ್ತು. ಬೇಕಾದಷ್ಟು ಹುಡುಗರನ್ನು ಸೇರಿಸಿಕೊಳ್ಳುವ ಹಾಗೇ ಇರಲಿಲ್ಲ. ಸೋಲಿಗೆ ಕಣ್ಣಿಗೆ ಕಾಣುವ ಕಾರಣವಿತ್ತು. ಅದಕ್ಕಿಂತ ಮುಖ್ಯವಾಗಿ, 1992ರ ನಂತರ ಬೀಮರ್ ತಮ್ಮ ಸಹಾಯಕ ಕೋಚ್‌ಗಳನ್ನೇ ಬದಲಿಸಿದರು. ಜೊತೆಗೆ ದುಡಿದವರನ್ನು ಕಳಿಸುವುದು ಸುಲಭವಲ್ಲ. ಆದರೂ ಮಾಡಿದರು. ಕಾಯುವವರಿಗೆ ಕಾಯೋಕೆ ಒಂದು ಕಾರಣ ಕೊಟ್ಟರು.

ಅದಕ್ಕೇ 2025ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ಲಿನ್‌ಗಿಂತ ಮುಂಚಿನ ಕೋಚ್ ಬ್ರೆಂಟ್ ಪ್ರೈ ಅವರನ್ನು ತೆಗೆದಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಅವರು ಒಳ್ಳೆಯ ಮನುಷ್ಯ, ಹುಡುಗರಿಗೆ ಅವರ ಮೇಲೆ ಪ್ರೀತಿಯಿತ್ತು. ಮೂರು ವರ್ಷ ಪೂರ್ತಿ ಸಿಕ್ಕಿತ್ತು. ಆದರೆ ಮೊದಲ ವರ್ಷ ಕಂಡ ತಪ್ಪೇ ಮೂರನೇ ವರ್ಷವೂ ಕಂಡಿತು. ಕೈಗೆ ಬಂದ ಮ್ಯಾಚ್ ಕೊನೇ ನಿಮಿಷಗಳಲ್ಲಿ ಜಾರುತ್ತಿತ್ತು. ಕೊನೆಗೆ ನಮ್ಮ ಸ್ಟೇಡಿಯಂನಲ್ಲೇ ಓಲ್ಡ್ ಡೊಮಿನಿಯನ್ ಕಾಲೇಜಿನ ತಂಡ ಅರ್ಧ ಆಟಕ್ಕೇ 28-0 ಮುಂದಿತ್ತು. ಮರುದಿನವೇ ಪ್ರೈ ಕೆಲಸ ಹೋಯಿತು.

ಈಗ ಫ್ರಾಂಕ್ಲಿನ್ ವಿಷಯ. ಹಿಂದೆ ಕೋಚ್ ಆಗಿದ್ದ ಪೆನ್ ಸ್ಟೇಟ್ ಕಾಲೇಜಿನಲ್ಲಿ ಅವರು 104 ಮ್ಯಾಚ್ ಗೆದ್ದವರು. 2025ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಪ್ಲೇಆಫ್ ಸೆಮಿಫೈನಲ್‌ನಲ್ಲಿದ್ದರು, ಅಕ್ಟೋಬರ್‌ನಲ್ಲಿ ಕೆಲಸ ಕಳೆದುಕೊಂಡರು. ಓರೆಗಾನ್, ಯುಸಿಎಲ್‌ಎ, ನಾರ್ತ್‌ವೆಸ್ಟರ್ನ್, ಮೂರು ವಾರದಲ್ಲಿ ಮೂರು ಸೋಲು, ಕಥೆ ಮುಗಿಯಿತು. ಟಾಪ್ ಹತ್ತರ ತಂಡಗಳ ಎದುರು ಅವರ ದಾಖಲೆ 4 ಗೆಲುವು, 21 ಸೋಲು. ಟೀಕಾಕಾರರು ಇದನ್ನೇ ಎತ್ತಿ ತೋರಿಸುತ್ತಾರೆ. ಅಂಕಿ ಸುಳ್ಳಲ್ಲ, ಅದನ್ನು ಮುಚ್ಚಿಡುವುದೂ ಬೇಡ.

ಆದರೆ ಅವರದೇ 2016 ನೆನಪಿದೆಯಾ? ಪೆನ್ ಸ್ಟೇಟ್‌ನಲ್ಲಿ ಮೂರನೇ ವರ್ಷ. ಮಿಶಿಗನ್ ಎದುರು 49-10 ಸೋಲು. ನಾಲ್ಕು ಮ್ಯಾಚ್‌ಗೆ ಎರಡೇ ಗೆಲುವು. ಇವರನ್ನು ಕಳಿಸಿ ಅನ್ನುವ ಕೂಗು ಜೋರಾಗಿತ್ತು. ಕಳಿಸಲಿಲ್ಲ. ಅದೇ ತಂಡ ಓಹಾಯೋ ಸ್ಟೇಟ್‌ನ ಫೀಲ್ಡ್ ಗೋಲ್ (ಚೆಂಡು ಒದ್ದು ಪಾಯಿಂಟ್ ಗಳಿಸುವ ಪ್ರಯತ್ನ) ತಡೆದು, ಚೆಂಡು ಎತ್ತಿಕೊಂಡು ಓಡಿ, 24-21ರಿಂದ ಗೆದ್ದಿತು. ಆ ವರ್ಷ ಅವರು ಆಡುವ ಲೀಗ್ ಆದ ಬಿಗ್ ಟೆನ್ ಪ್ರಶಸ್ತಿ ಅವರದೇ. ಅಂದು ಅಕ್ಟೋಬರ್ ಹೊತ್ತಿಗೆ ತೆಗೆದುಹಾಕಿದ್ದರೆ?

ಇನ್ನು ಇಂಡಿಯಾನಾ ಕಾಲೇಜು. ಅದರ ಹೆಸರು ಹೇಳಿಯೇ ಈಗ ಎಲ್ಲರೂ ಅವಸರ ಮಾಡುವುದು. 2023ರಲ್ಲಿ 3 ಗೆಲುವಿದ್ದ ತಂಡ. ಕೋಚ್ ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ವರ್ಷವೇ 11 ಗೆಲುವು, ಎರಡನೇ ವರ್ಷ ರಾಷ್ಟ್ರೀಯ ಚಾಂಪಿಯನ್. ಆಟಗಾರರು ಕಾಲೇಜು ಬದಲಿಸುವ ವ್ಯವಸ್ಥೆಯಾದ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಅನುಭವಿಗಳನ್ನು ತರಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು. ಬೀಮರ್ ಕಾಲದ ಆರು ವರ್ಷ ಈಗ ಯಾರಿಗೂ ಬೇಕಾಗಿಲ್ಲ, ನಿಜ. ಆದರೆ ಸಿಗ್ನೆಟ್ಟಿ ತಮ್ಮ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಲ್ಲಿ ತಾವೇ ಬೆಳೆಸಿದ್ದ ಹಲವು ಆಟಗಾರರನ್ನು, ಸಹಾಯಕ ಕೋಚ್‌ಗಳನ್ನು ಜೊತೆಗೇ ಕರೆದುಕೊಂಡು ಬಂದಿದ್ದರು. ಅಂಥದ್ದು ಎಲ್ಲ ಕಡೆ ನಡೆಯಲ್ಲ. ಅಪರೂಪಕ್ಕೆ ಆಗಿದ್ದನ್ನೇ ಅಳತೆಗೋಲು ಮಾಡಿಕೊಂಡರೆ ಎಲ್ಲ ಕೋಚ್‌ಗಳೂ ಸೋತವರಂತೆಯೇ ಕಾಣುತ್ತಾರೆ. ಆರ್‌ಸಿಬಿ ಅಭಿಮಾನಿಗಳಿಗೆ ಇದು ಬೇಗ ಅರ್ಥವಾಗುತ್ತದೆ. ಆ್ಯಂಡಿ ಫ್ಲವರ್ ಕೋಚ್ ಆಗಿ ಬಂದ 2024ರಲ್ಲಿ ಮೊದಲ ಎಂಟು ಮ್ಯಾಚ್‌ಗಳಲ್ಲಿ ಏಳು ಸೋಲು. ಮರುವರ್ಷ ಕಪ್.

ಹಾಗಾದರೆ ಈ ವರ್ಷ ಏನು ನೋಡಬೇಕು? ನಾನಂತೂ ಮುಂದಿನ ಸಾಲಿನ ದೊಡ್ಡ ಹುಡುಗರನ್ನು ನೋಡುತ್ತೇನೆ. ನಾಲ್ಕನೇ ಕ್ವಾರ್ಟರ್‌ನಲ್ಲೂ ಅವರು ಎದುರಾಳಿಯನ್ನು ತಳ್ಳುತ್ತಿದ್ದಾರಾ? ನಾರ್ಫೋಕ್, ನ್ಯೂಪೋರ್ಟ್ ನ್ಯೂಸ್ ಕಡೆಯ ಹೈಸ್ಕೂಲ್ ಹುಡುಗರು ಮತ್ತೆ ಬ್ಲ್ಯಾಕ್ಸ್‌ಬರ್ಗ್ ಕಡೆ ಮುಖ ಮಾಡುತ್ತಿದ್ದಾರಾ? ನಮ್ಮ ಹಳೆಯ ಸ್ಟಾರ್‌ಗಳಾದ ಬ್ರೂಸ್ ಸ್ಮಿತ್, ವಿಕ್ ಬಂದಿದ್ದು ಅಲ್ಲಿಂದಲೇ. ಸೀಸನ್ ಮುಗಿದ ಮೇಲೆ ಒಳ್ಳೆಯ ಆಟಗಾರರು ಉಳಿಯುತ್ತಾರಾ, ಬಿಟ್ಟು ಹೋಗುತ್ತಾರಾ? ಗೆಲುವಿನ ಪಟ್ಟಿಗಿಂತ ಮೊದಲು ಉತ್ತರ ಸಿಗುವುದು ಇಲ್ಲಿ. ಇನ್ನೊಂದು, ಪ್ರೈ ಅವರನ್ನೇ ಫ್ರಾಂಕ್ಲಿನ್ ಡಿಫೆನ್ಸ್ ಕೋಆರ್ಡಿನೇಟರ್ (ಎದುರಾಳಿಯನ್ನು ತಡೆಯುವ ಆಟದ ಉಸ್ತುವಾರಿ) ಆಗಿ ವಾಪಸ್ ಕರೆದಿದ್ದಾರೆ. ತುಂಬಾ ಜನ ಸಿಟ್ಟಾದರು. ನನಗೆ ಇದು ಹಿಡಿಸಿತು. ಪೆನ್ ಸ್ಟೇಟ್‌ನಲ್ಲಿ ಪ್ರೈ ಚೆನ್ನಾಗಿ ಮಾಡಿದ್ದು ಇದೇ ಕೆಲಸವನ್ನು. ಮುಖ್ಯ ಕೋಚ್ ಆಗಿ ಸೋತವರು ಡಿಫೆನ್ಸ್ ಕಲಿಸೋದನ್ನು ಮರೆತಿರುವುದಿಲ್ಲ, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ನನಗೆ ತಾಳ್ಮೆಯಿಲ್ಲ. ಚೆಂಡು ಕೈಬಿಟ್ಟ ಹತ್ತೊಂಬತ್ತರ ಹುಡುಗನಿಗೆ ರಾತ್ರಿಯೆಲ್ಲ ಬೈಗುಳದ ಮೆಸೇಜ್ ಕಳಿಸುವುದು. ಅವನಿಗೂ ಈಗ ದುಡ್ಡು ಸಿಗುತ್ತಲ್ಲ ಅಂತ ಸಮಜಾಯಿಷಿ ಕೊಡುತ್ತಾರೆ. ದುಡ್ಡು ಸಿಕ್ಕಿದ ಮಾತ್ರಕ್ಕೆ ಅವನ ವಯಸ್ಸು ಹೆಚ್ಚಾಗಲ್ಲ. ಕೋಪ ಇದ್ದರೆ ಕೋಚ್ ಬಗ್ಗೆ ಬರೆಯಿರಿ. ತಂಡದ ಜವಾಬ್ದಾರಿ ಹೊತ್ತವರು ಅವರು.

ನನ್ನ ಲೆಕ್ಕ ಮೂರು ಪೂರ್ತಿ ಸೀಸನ್. 2028ರ ನವೆಂಬರ್‌ನಲ್ಲೂ ಕೈಗೆ ಬಂದ ಮ್ಯಾಚ್ ಹೀಗೇ ಜಾರುತ್ತಿದ್ದರೆ, ಕೋಚ್ ಏನನ್ನೂ ಬದಲಿಸದೆ ಹಳೆಯ ಉತ್ತರವನ್ನೇ ಕೊಡುತ್ತಿದ್ದರೆ, ಬೇರೆಯವರು ಬರಲಿ ಅಂತ ನಾನೂ ಬರೆಯುತ್ತೇನೆ. 2026ರ ಅಕ್ಟೋಬರ್‌ನಲ್ಲಿ ಮಾತ್ರ ಬರೆಯಲ್ಲ.