ಆ ಕಡೆ ಕೂರಬೇಕು ಅನ್ನೋ ಹುಡುಗಿ

ನಮ್ಮ ಅಕ್ಕನ ಮಗಳು ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದಾಳೆ. ಊರು ಮದ್ದೂರಿನ ಹತ್ತಿರ. ಕಳೆದ ವಾರ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಅವಳ ಜೊತೆ ಸೈಬರ್ ಸೆಂಟರ್‌ಗೆ ಹೋಗಿದ್ದೆ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹೊಡೆದರೆ ಹೆಸರು ಹೊಂದುತ್ತಿಲ್ಲ ಅಂತ ಬರುತ್ತಿದೆ. ನೋಡಿದರೆ ಆಧಾರ್‌ನಲ್ಲಿ ಇನಿಷಿಯಲ್ ಮುಂದಿದೆ, ಇದರಲ್ಲಿ ಹಿಂದಿದೆ. ಅಷ್ಟೇ! ಇದಕ್ಕೇ ಎರಡು ಸಲ ಊರಿಗೆ ಹೋಗಿ ಕೌಂಟರ್ ಮುಂದೆ ನಿಂತು ಬಂದಿದ್ದಾಳೆ.

"ಮಾವ, ನಾನೇನಾದ್ರೂ ಆ ಕಡೆ ಕೂತ್ರೆ ಮೊದಲು ಇದನ್ನ ಸರಿ ಮಾಡ್ತೀನಿ" ಅಂದಳು. ಸುಮ್ನೆ ಅಂದಿದ್ದಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈಗ ವಿಷಯಕ್ಕೆ ಬರ್ತೀನಿ. ಇಂಥ ಮಕ್ಕಳನ್ನು ಓದುವಾಗಲೇ ಗುರುತು ಹಿಡಿದು ದುಡ್ಡು ಕೊಡಬೇಕು. ಕೇಂದ್ರದ ಪಿಜಿ ಸ್ಕಾಲರ್‌ಶಿಪ್ ಒಂದಿದೆ, ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು, ಇಡೀ ದೇಶಕ್ಕೆ 10,000 ಮಂದಿಗೆ. ಒಳ್ಳೆಯದೇ. ಆದರೆ ಅದು ಡಿಗ್ರಿ ಅಂಕ ನೋಡುತ್ತದೆ, ಓದಿ ಮುಂದೆ ಏನು ಮಾಡ್ತೀಯಮ್ಮ ಅಂತ ಕೇಳುವುದಿಲ್ಲ.

ಅಮೆರಿಕದಲ್ಲಿ ಕೇಳುತ್ತಾರೆ. ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಸ್ಮಾರಕ ಅಂತ 1975ರಲ್ಲಿ ಕಾನೂನು ಮಾಡಿ ಒಂದು ಸ್ಕಾಲರ್‌ಶಿಪ್ ಶುರು ಮಾಡಿದರು. ಡಿಗ್ರಿಯಲ್ಲಿರುವಾಗಲೇ ಆರಿಸಿ, ಮುಂದಿನ ಓದಿಗೆ 30,000 ಡಾಲರ್‌ವರೆಗೆ ಕೊಡುತ್ತಾರೆ. ಓದು ಮುಗಿದ ಮೇಲಿನ ಏಳು ವರ್ಷದಲ್ಲಿ ಮೂರು ವರ್ಷ ಜನರ ಕೆಲಸ ಮಾಡಬೇಕು. ಸರ್ಕಾರಿ ನೌಕರಿಯೇ ಆಗಬೇಕು ಅಂತಿಲ್ಲ, ಶಾಲೆಯಲ್ಲಿ ಪಾಠ ಹೇಳಿದರೂ ಲೆಕ್ಕಕ್ಕೆ ಬರುತ್ತದೆ. ನನಗೆ ಹಿಡಿಸಿದ್ದೇ ಇದು.

ಹೊರಗಿನವರನ್ನು ನೋಡಿ ಕಲಿಯೋ ಗತಿ ನಮಗೇನೂ ಇರಲಿಲ್ಲ ಬಿಡಿ. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರಲ್ಲ, ಅದು ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡಿ ಅಂದು ಸುಮ್ಮನಾಗಲಿಲ್ಲ, ಓದಲು ಸ್ಕಾಲರ್‌ಶಿಪ್ಪನ್ನೂ ಕೊಡಿ ಅಂತು. ಓದೂ ಕೆಲಸವೂ ಒಂದೇ ದಾರದಲ್ಲಿ ಪೋಣಿಸಿದ್ದು.

ಈಗ ದಾರ ಕಿತ್ತುಹೋಗಿದೆ. ಜನಸೇವೆ ಅಂದರೆ ಕೆಎಎಸ್, ಐಎಎಸ್ ಕೋಚಿಂಗ್ ಅಂತಾಗಿದೆ. 2024ರಲ್ಲಿ ಕೆಎಎಸ್‌ಗೆ ಕರೆದದ್ದು 384 ಹುದ್ದೆ, ಅರ್ಜಿ ಎರಡು ಲಕ್ಷಕ್ಕೂ ಜಾಸ್ತಿ. ಉಳಿದವರ ಕಥೆ? ಮೈಸೂರಿನ ರೂಮುಗಳಲ್ಲಿ ಕೂತು, ಮನೆಯಿಂದ ಬಂದ ದುಡ್ಡಲ್ಲಿ ಮೆಸ್ ಊಟ ಮಾಡಿ, ಇಪ್ಪತ್ತೆಂಟು ಮೂವತ್ತು ವಯಸ್ಸಾದ ಮೇಲೆ ಮುಖ ಸಣ್ಣ ಮಾಡಿಕೊಂಡು ಊರಿಗೆ ಹೋಗುವವರನ್ನು ನಾನೇ ನೋಡಿದ್ದೀನಿ. ಅವರಿಗೆ ತಲೆ ಇಲ್ಲ ಅಂತಲ್ಲ. ಅದೇ ಹುಡುಗರಿಗೆ ಎಂ.ಎ. ಓದುವಾಗಲೇ ತಿಂಗಳ ಖರ್ಚು ಕೊಟ್ಟು, ಆಮೇಲೆ ಮೂರು ವರ್ಷ ಪಂಚಾಯ್ತಿಯಲ್ಲೋ, ಸರ್ಕಾರಿ ಶಾಲೆಯಲ್ಲೋ, ಹಳ್ಳಿ ಕಡೆ ಒಂದು ಸಂಘದಲ್ಲೋ ಸಂಬಳಕ್ಕೆ ಹಾಕಿಕೊಂಡರೆ ಆಗಲ್ವಾ?

ಮೂರು ವರ್ಷ ಕೆಲಸ ಮಾಡ್ತೀನಿ ಅಂತ ಬರೆಸಿಕೊಂಡರೂ ಓಡಿಹೋಗ್ತಾರೆ ಅಂತ ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು ವಾದ ಮಾಡಿದರು. ಓಡಲಿ, ದುಡ್ಡು ವಾಪಸ್ ಕಟ್ಟಲಿ. ಹತ್ತರಲ್ಲಿ ಆರು ಜನ ನಿಂತರೂ ನನಗೆ ಸಾಕು.

ಅವಳ ಅರ್ಜಿ ಇನ್ನೂ ಹೋಗಿಲ್ಲ. ಸೋಮವಾರ ಕ್ಲಾಸ್ ಬಿಟ್ಟು ಮತ್ತೆ ಮದ್ದೂರಿಗೆ ಹೋಗ್ತಾಳಂತೆ, ಇನಿಷಿಯಲ್ ಹಿಂದಿನಿಂದ ಮುಂದಕ್ಕೆ ತರಿಸಲು.