ಪುಕ್ಕಟೆ ಸೂರ್ಯ ಯಾರಿಗೆ ಬೇಕು?

ಆಸ್ಟ್ರೇಲಿಯಾದಲ್ಲಿ ಬಿಸಿಲಿಗೇನೂ ಬರವಿಲ್ಲ. ಆದರೂ ಅಲ್ಲಿ ಫುಟ್‌ಬಾಲ್ ನಡೆಸುವವರು ಪುಕ್ಕಟೆ ಸೂರ್ಯ ಮುಳುಗುವವರೆಗೂ ಕಾಯುತ್ತಾರೆ. ಆಮೇಲೆ ದುಡ್ಡು ಸುರಿದು ಬೆಳಕು ಮಾಡುತ್ತಾರೆ. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಅಂತ ನಮ್ಮಲ್ಲಿ ಬೈಯುತ್ತಾರಲ್ಲ, ಇವರು ಟಿಕೆಟ್ ಮಾರಿ ಬೀಳುತ್ತಾರೆ.

ಇದು ನಾವು ಕಂಡಿರುವ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್ ಅನ್ನುವ ಅವರದೇ ಆಟ. ಕ್ರಿಕೆಟ್ ಮೈದಾನದಲ್ಲಿ ಒಂದೊಂದು ಕಡೆ ಹದಿನೆಂಟು ಜನ, ತೋಳಿಲ್ಲದ ಅಂಗಿ, ಮೊಟ್ಟೆಯಾಕಾರದ ಚೆಂಡು. ಆ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಹಗಲಲ್ಲೇ ಗೊತ್ತಾಗುವುದಿಲ್ಲ. ಆಡುವುದು ಚಳಿಗಾಲದಲ್ಲಿ. ರಾತ್ರಿ ಇಬ್ಬನಿ ಬಿದ್ದರೆ ಚೆಂಡು ಸೋಪಿನ ಹಾಗೆ ಜಾರುತ್ತದೆ. ಇಷ್ಟೆಲ್ಲ ಅನುಕೂಲ ಇರುವಾಗ ರಾತ್ರಿ ಆಡದೆ ಬಿಡಲು ಆಗುತ್ತದಾ?

ರಾತ್ರಿ ಆಟ ಸಂಪ್ರದಾಯಕ್ಕೆ ವಿರುದ್ಧ ಅನ್ನುವ ಹಿರಿಯರು ಮೆಲ್ಬರ್ನಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಪಾಪ, ಸಂಪ್ರದಾಯಕ್ಕೆ ಇದು ತಿಳಿದಿಲ್ಲ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ವಿದ್ಯುತ್ ದೀಪದಡಿ ಫುಟ್‌ಬಾಲ್ ಆಡಿದ್ದು 1879ರ ಆಗಸ್ಟ್‌ನಲ್ಲೇ. ಎಡಿಸನ್ ಬಲ್ಬು ಉರಿಯುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಈ ಆಟದ ದೊಡ್ಡ ಟೂರ್ನಿಯಾದ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಮೊದಲ ಪಂದ್ಯ ಆಡಿದ್ದು 1897ರಲ್ಲಿ. ಅಂದರೆ ಮಗನಿಗಿಂತ ಮಗನ ಕೆಟ್ಟ ಚಟವೇ ಹದಿನೆಂಟು ವರ್ಷ ದೊಡ್ಡದು. ಕಾರ್ಲ್‌ಟನ್ ಮತ್ತು ಮೆಲ್ಬರ್ನ್ ಕ್ಲಬ್‌ಗಳು ಆ ತಿಂಗಳು ಆಡಿದಾಗ ಚೆಂಡಿಗೆ ಬಿಳಿ ಬಣ್ಣ ಬಳಿದಿದ್ದರು, ಕಣ್ಣಿಗೆ ಬೀಳಲಿ ಅಂತ. ಆಟ ಕಾಣಲಿ ಅಂತ ದೀಪ ಹಾಕಿದರೋ, ದೀಪ ನೋಡಲು ಜನ ಬರಲಿ ಅಂತ ಆಟ ಇಟ್ಟರೋ!

ಮುಂದೆ 1956ರಲ್ಲಿ ಲೀಗ್‌ನವರಿಗೆ ಮತ್ತೆ ಕತ್ತಲ ಮೇಲೆ ಪ್ರೀತಿ ಹುಟ್ಟಿತು. ಲೀಗ್‌ನಲ್ಲಿ ಹನ್ನೆರಡು ತಂಡ. ನಾಲ್ಕು ಫೈನಲ್ಸ್‌ಗೆ ಹೋದವು. ಉಳಿದ ಎಂಟನ್ನು ಮನೆಗೆ ಕಳಿಸುವ ಬದಲು ಲೇಕ್ ಓವಲ್‌ನಲ್ಲಿ ದೀಪ ಹಾಕಿ ಒಂದು ರಾತ್ರಿ ಸರಣಿ ಆಡಿಸಿದರು. ಹಗಲಲ್ಲಿ ಸೋತವರಿಗೆ ರಾತ್ರಿ ಪಾಳಿ! ಆ ಮೈದಾನದ ಮನೆಯವರೇ ಆದ ಸೌತ್ ಮೆಲ್ಬರ್ನ್ ಮೊದಲ ವರ್ಷ ಕಪ್ ಗೆದ್ದಿತು. ಹಬ್ಬದ ಊಟಕ್ಕೆ ಕರೆಯದವರಿಗೆ ಹಿತ್ತಿಲಲ್ಲಿ ಎಲೆ ಹಾಕಿದ ಹಾಗೆ ಈ ಏರ್ಪಾಡು 1971ರವರೆಗೂ ನಡೆಯಿತು.

ನಿಜವಾದ ಕಥೆ ಶುರುವಾಗುವುದು 1985ರಲ್ಲಿ. ಮೆಲ್ಬರ್ನ್ ಮೈದಾನಕ್ಕೆ ಆಗಷ್ಟೇ ದೀಪದ ಗೋಪುರಗಳು ಬಂದಿದ್ದವು. ಆ ದೀಪಗಳು ನಮಗೂ ಗೊತ್ತು. ಮಾರ್ಚ್ 10ರಂದು ಕ್ರಿಕೆಟ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ರವಿ ಶಾಸ್ತ್ರಿ ಬಹುಮಾನದ ಔಡಿ ಕಾರಿನಲ್ಲಿ ಸುತ್ತು ಹೊಡೆದದ್ದು ಅವುಗಳ ಕೆಳಗೇ. ಅಂದು ವಿಕೆಟ್ ಹಿಂದೆ ನಿಂತಿದ್ದವರು ನಮ್ಮ ಬೆಂಗಳೂರಿನ ಸದಾನಂದ ವಿಶ್ವನಾಥ್. ಅದೇ ತಿಂಗಳ ಕೊನೆಗೆ ಅಲ್ಲೇ ಶುಕ್ರವಾರ ರಾತ್ರಿ ಫುಟ್‌ಬಾಲ್ ಶುರುವಾಯಿತು, ನಾರ್ತ್ ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್ ನಡುವೆ. ಕಾರು ಮಾತ್ರ ಯಾರಿಗೂ ಸಿಗಲಿಲ್ಲ.

ಶುಕ್ರವಾರ ರಾತ್ರಿ ಮೈದಾನಕ್ಕೆ ಬರುವ ಅಭ್ಯಾಸವನ್ನು ಜನರಿಗೆ ಹಿಡಿಸಿದ್ದು ಬಡಪಾಯಿ ನಾರ್ತ್ ಮೆಲ್ಬರ್ನ್. ಅಭ್ಯಾಸ ಕುದುರಿದ ಮೇಲೆ ಟಿವಿಯವರ ಕಣ್ಣು ಬಿತ್ತು. ಟಿವಿಗೆ ಬೇಕಾದದ್ದು ಅಭಿಮಾನಿಗಳು ಜಾಸ್ತಿ ಇರುವ ದೊಡ್ಡ ಕ್ಲಬ್‌ಗಳು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು. ಗೆದ್ದಲು ಈಗ ಭಾನುವಾರ ಮಧ್ಯಾಹ್ನ ಆಡುತ್ತದೆ.

ದೀಪ ನಂಬಿದವರಿಗೆ ದೀಪ ಕೈಕೊಟ್ಟದ್ದೂ ಉಂಟು. 1996ರ ಜೂನ್ 8, ಶನಿವಾರ ರಾತ್ರಿ. ವೇವರ್ಲಿ ಪಾರ್ಕ್‌ನಲ್ಲಿ ಎಸೆಂಡನ್ ಮತ್ತು ಸೇಂಟ್ ಕಿಲ್ಡಾ ಆಡುತ್ತಿದ್ದಾಗ ಮೂರನೇ ಕ್ವಾರ್ಟರ್‌ನಲ್ಲಿ ಕರೆಂಟ್ ಹೋಯಿತು. ನಾವಾಗಿದ್ದರೆ "ಪಕ್ಕದ ಬೀದೀಲೂ ಹೋಗಿದೆಯಾ ನೋಡು" ಅಂದು ಸುಮ್ನೆ ಕೂರುತ್ತಿದ್ದೆವು. ಅವರಿಗೆ ರೂಢಿ ಇಲ್ಲ, ಪಾಪ. ಕೆಲವರು ಮೈದಾನಕ್ಕೆ ನುಗ್ಗಿ ಬೆಂಕಿ ಹಾಕಿದರು. ಉಳಿದ ಆಟವನ್ನು ಮಂಗಳವಾರ ರಾತ್ರಿ ತಲಾ ಹನ್ನೆರಡು ನಿಮಿಷದ ಎರಡು ತುಂಡು ಮಾಡಿ ಮುಗಿಸಿದರು. ಹೌದು, ಮತ್ತೆ ರಾತ್ರಿಯೇ.

ಇಷ್ಟಾದರೂ ಲೀಗ್‌ನ ಕಪ್ ಯಾರಿಗೆ ಅಂತ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಮಾತ್ರ ಹಗಲಿನ ಮಡಿ ಬಿಟ್ಟಿರಲಿಲ್ಲ. ಕೊನೆಗೆ ಕೊರೊನಾ ಬಂದು 2020ರಲ್ಲಿ ಅದು ಬ್ರಿಸ್ಬೇನ್‌ಗೆ ಹೋಯಿತು, ರಾತ್ರಿಯೇ ನಡೆಯಿತು. ಮರುವರ್ಷ ಪರ್ತ್‌ನಲ್ಲಿ ಸಂಜೆ ಐದೂಕಾಲಿಗೆ. ಆಗ ಮೆಲ್ಬರ್ನಿನಲ್ಲಿ ಗಡಿಯಾರ ಏಳೂಕಾಲು. ಮೈದಾನದಲ್ಲಿದ್ದವರಿಗೆ ಸಂಜೆ, ಟಿವಿ ಮುಂದೆ ಇದ್ದವರಿಗೆ ರಾತ್ರಿ. ಜಾಹೀರಾತಿಗೆ ಅದು ಅಮೃತ ಘಳಿಗೆ.

2022ರಲ್ಲಿ ಫೈನಲ್ ಮೆಲ್ಬರ್ನಿನ ಮಧ್ಯಾಹ್ನಕ್ಕೆ ವಾಪಸ್ಸಾಯಿತು. ರಾತ್ರಿ ಪಕ್ಷದವರು ಸುಮ್ಮನಾಗಲಿಲ್ಲ. ಅವರದೊಂದು ದೊಡ್ಡ ವಾದ ಏನು ಗೊತ್ತಾ? ಹಾಡು-ಕುಣಿತದ ಕಾರ್ಯಕ್ರಮಕ್ಕೆ ಬಿಸಿಲಿನಲ್ಲಿ ಕಳೆಯೇ ಕಟ್ಟುವುದಿಲ್ಲ, ಪಟಾಕಿ ಹೊಡೆದರೆ ಬರೀ ಹೊಗೆ ಕಾಣುತ್ತದೆ. ಅದಕ್ಕೇ ಫೈನಲ್ ಕತ್ತಲಲ್ಲಿ ಆಗಲಿ ಅಂತ. ಚೆಂಡು ಕಾಣದಿದ್ದರೆ ಬಣ್ಣ ಬಳಿದುಕೊಂಡರಾಯಿತು, ಅದು 1879ರಿಂದಲೂ ಗೊತ್ತಿದೆ.