ಥಳುಕಿನ ಚಕ್ರಕ್ಕೆ ಸುತ್ತಿಗೆ ವೈದ್ಯ

ಕಾರಿನ ಚಕ್ರಕ್ಕೆ ಈಗ ಎರಡೇ ಕೆಲಸ. ಒಂದು, ಫೋಟೊದಲ್ಲಿ ಚೆನ್ನಾಗಿ ಕಾಣುವುದು. ಇನ್ನೊಂದು, ಫೋಟೊ ತೆಗೆದಾದ ಮೇಲೆ ಸಾಧ್ಯವಾದರೆ ಉರುಳುವುದು. ಉರುಳುವ ಕೆಲಸವನ್ನು ಗುಂಡಿ ಬಿದ್ದ ರಸ್ತೆಯಲ್ಲೂ ಮಾಡಬೇಕಾದೀತು ಎಂಬ ಸುದ್ದಿ ಚಕ್ರದ ಚಿತ್ರ ಬರೆಯುವವರ ಕೋಣೆಗೆ ಇನ್ನೂ ತಲುಪಿದಂತಿಲ್ಲ.

ಪುರಾವೆ ಟೈರಿನ ಮೈಮೇಲೇ ಅಚ್ಚಾಗಿದೆ. 205/65 ಆರ್15 (205 ಮಿಲಿಮೀಟರ್ ಅಗಲ, ಅದರ ಶೇ 65ರಷ್ಟು ಎತ್ತರ, 15 ಇಂಚಿನ ರಿಮ್ಮು) ಎಂದು ಬರೆದಿರುವ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಸುಮಾರು 133 ಮಿಲಿಮೀಟರ್ ಎತ್ತರದ ರಬ್ಬರ್ ಗೋಡೆ ಇರುತ್ತದೆ. 225/35 ಆರ್19 ಎಂಬ ಶೋಕಿವಾಲನಲ್ಲಿ ಉಳಿಯುವುದು 79. ಎರಡರದ್ದೂ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 640 ಮಿಲಿಮೀಟರಿನ ಆಸುಪಾಸು. ಅಂದರೆ ಚಕ್ರ ಬೆಳೆದಿಲ್ಲ. ಗಾಳಿ ಇದ್ದ ಜಾಗವನ್ನು ಲೋಹ ಒತ್ತುವರಿ ಮಾಡಿಕೊಂಡಿದೆ. ಗಾಳಿ ಪುಕ್ಕಟೆ ಸಿಗುವ ಪದಾರ್ಥ, ಅದಕ್ಕೆ ಯಾರು ಬಿಲ್ ಬರೆಯುತ್ತಾರೆ? ಲೋಹಕ್ಕಾದರೆ ಬರೆಯಬಹುದು. ಒಡೆದಾಗ ಇನ್ನೊಂದು ಸಲ ಬರೆಯಬಹುದು.

ಹೀಗಾಗಿ ಟಾಪ್ ಮಾಡೆಲ್ ಕೊಂಡವರಿಗೆ ದೊಡ್ಡ ಅಲಾಯ್ (ಅಂದರೆ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ), ತೆಳು ಟೈರು. ಬೇಸ್ ಮಾಡೆಲ್ ಕೊಂಡ ಬಡಪಾಯಿಗೆ ಸಣ್ಣ ಕಪ್ಪು ಸ್ಟೀಲ್ ರಿಮ್ಮು, ದಪ್ಪ ಟೈರು. ಇಬ್ಬರೂ ಒಂದೇ ಗುಂಡಿಗೆ ಇಳಿದರೆ ಬಡಪಾಯಿ "ಏನೋ ದಡಕ್ ಅಂತಲ್ಲ" ಎಂದು ಮುಂದೆ ಹೋಗುತ್ತಾನೆ. ಟಾಪ್ ಮಾಡೆಲ್‌ನವರು ರಸ್ತೆ ಬದಿಯಲ್ಲಿ ನಿಂತು ಫೋನ್ ಮಾಡುತ್ತಿರುತ್ತಾರೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ಸೌಲಭ್ಯ ಎಂಬ ಮಾತು ಸುಳ್ಳಲ್ಲ. ಈ ನಿಲ್ಲುವ ಸೌಲಭ್ಯ ಬೇಸ್ ಮಾಡೆಲ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಅಲ್ಯುಮಿನಿಯಂ ಚಕ್ರ ಹುಟ್ಟಿದ್ದು ಶೋಕಿಗಲ್ಲ. 1924ರಲ್ಲಿ ಬುಗಾಟಿ ಟೈಪ್ 35 ಎಂಬ ರೇಸ್ ಕಾರು ಎರಕದ ಅಲ್ಯುಮಿನಿಯಂ ಚಕ್ರ ತೊಟ್ಟು ಫ್ರಾನ್ಸಿನ ಲಿಯಾನ್‌ನಲ್ಲಿ ಪಂದ್ಯಕ್ಕಿಳಿಯಿತು. ತೂಕ ಕಡಿಮೆಯಾಗಲಿ, ಬ್ರೇಕಿನ ಬಿಸಿ ಬೇಗ ಹೊರಹೋಗಲಿ ಎಂಬುದು ಲೆಕ್ಕ. ಆ ಪಂದ್ಯದಲ್ಲಿ ಟೈರುಗಳು ಕೈಕೊಟ್ಟವು, ಅದು ಬೇರೆ ಮಾತು. ನೂರು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಿರುವುಮುರುವಾಗಿದೆ. ಹಗುರವಾಗಲೆಂದು ಬಂದ ಚಕ್ರ ಇಂಚಿನ ಮೇಲೆ ಇಂಚು ಬೆಳೆದು, ಎಷ್ಟೋ ಸಲ ತಾನು ಹೊರದಬ್ಬಿದ ಸಣ್ಣ ಸ್ಟೀಲ್ ರಿಮ್ಮಿಗಿಂತ ಭಾರವಾಗಿ ಕೂತಿದೆ. ಆದರೂ ಜಾಹೀರಾತಿನಲ್ಲಿ ಅದರ ಹೆಸರು "ಲಘು ಲೋಹ"ವೇ.

ಇರಲಿ, ಗುಂಡಿಗೆ ಬಂದೆವು. ಪೆಟ್ಟು ಬಿದ್ದ ತಕ್ಷಣ ಮಾಲೀಕರು ಕೆಳಗಿಳಿದು ಚಕ್ರದ ಮುಖ ನೋಡುತ್ತಾರೆ. ಮುಖದಲ್ಲಿ ಗೀರಿಲ್ಲದಿದ್ದರೆ ನೆಮ್ಮದಿಯ ಉಸಿರು. ಪೆಟ್ಟು ತಿಂದು ಬಾಗುವುದು, ಬಿರಿಯುವುದು ಹೆಚ್ಚಾಗಿ ಕಾರಿನ ಕಡೆಗಿರುವ ಒಳಅಂಚು. ಹೊರಗಿನ ಅಂಚಿಗೆ ಕಡ್ಡಿಗಳ ಆಸರೆ ಹತ್ತಿರವಿದೆ. ಒಳಗಿನದು ದೂರದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಅದನ್ನು ನೋಡಬೇಕಾದರೆ ಕಾರು ಎತ್ತಬೇಕು, ಚಕ್ರ ಬಿಚ್ಚಬೇಕು, ಕೊಳೆ ಒರೆಸಬೇಕು. ಅಷ್ಟೆಲ್ಲ ಯಾರು ಮಾಡುತ್ತಾರೆ? ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟ್ ಮಾಡಿಸುತ್ತಾರೆ. ನಡುಕ ನಿಲ್ಲದಿದ್ದರೆ ಬ್ಯಾಲೆನ್ಸಿಂಗ್. ವಾರಕ್ಕೊಮ್ಮೆ ಗಾಳಿ ಇಳಿದರೆ ವಾರಕ್ಕೊಮ್ಮೆ ತುಂಬಿಸುತ್ತಾರೆ. ಟೈರಿನ ಗಾಳಿ ಕಡಿಮೆಯಾಗಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ, ಸೆನ್ಸರ್ ಕೆಟ್ಟಿದೆ ಎಂಬ ತೀರ್ಪು ಬರುತ್ತದೆ. ಬಿರುಕೊಂದನ್ನು ಬಿಟ್ಟು ಮಿಕ್ಕೆಲ್ಲದರ ಮೇಲೂ ಅನುಮಾನ ಪಟ್ಟಾದ ಮೇಲೆ ಚಕ್ರ ವೈದ್ಯರ ಬಳಿ ಹೋಗುತ್ತದೆ.

ಚಕ್ರವೈದ್ಯರು ಆತ್ಮವಿಶ್ವಾಸದ ಮನುಷ್ಯರು. ಒಂದು ಕೈಯಲ್ಲಿ ಗ್ಯಾಸ್ ಟಾರ್ಚು, ಇನ್ನೊಂದರಲ್ಲಿ ಸುತ್ತಿಗೆ, ಬೆನ್ನ ಹಿಂದೆ ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ. ಅವರೊಂದಿಗಿನ ಸಮಾಲೋಚನೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ:

"ಬೆಂಡಾಗಿದೆ ಸಾರ್, ಅಷ್ಟೆ. ಕಾಯ್ಸಿ ನಾಕು ಬಿಟ್ರೆ ಸರಿಹೋಗುತ್ತೆ."

"ಇಲ್ಲೊಂದು ಬಿರುಕು ಕಾಣ್ತಿದೆಯಲ್ಲಪ್ಪ?"

"ಅದಕ್ಕೆ ಆರ್ಗಾನ್ ವೆಲ್ಡಿಂಗ್ ಇದೆಯಲ್ಲ ಸಾರ್. ಮೊದಲಿಗಿಂತ ಗಟ್ಟಿ ಆಗುತ್ತೆ."

"ಎಷ್ಟು ಬಿಸಿ ಮಾಡ್ತೀಯ?"

"ಬೇಕಾದಷ್ಟು."

ಈ "ಬೇಕಾದಷ್ಟು" ಎಂಬ ಅಳತೆಯ ಬಗ್ಗೆ ಕೊಂಚ ವಿಚಾರ ಮಾಡೋಣ. ಸಾಮಾನ್ಯ ಎರಕದ ಅಲಾಯ್ ಚಕ್ರದಲ್ಲಿರುವುದು ಅಲ್ಯುಮಿನಿಯಂ, ಅದರ ಜೊತೆ ಶೇ 7ರಷ್ಟು ಸಿಲಿಕಾನ್, ಚಿಟಿಕೆ ಮೆಗ್ನೀಸಿಯಂ. ಎರಕ ಹೊಯ್ದ ಕೂಡಲೇ ಅದಕ್ಕೆ ಪೂರ್ತಿ ಶಕ್ತಿ ಬರುವುದಿಲ್ಲ. ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು, ತಟ್ಟನೆ ನೀರಿಗೆ ಅದ್ದಿ, ಆಮೇಲೆ 150–170 ಡಿಗ್ರಿಯಲ್ಲಿ ಮತ್ತೆ ಗಂಟೆಗಟ್ಟಲೆ ಹದ ಮಾಡುತ್ತಾರೆ. ಆಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಕೂಡಿ ಲೋಹದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳಾಗಿ ಹರಡಿಕೊಳ್ಳುತ್ತವೆ. ಚಕ್ರದ ಗಟ್ಟಿತನದ ಗುಟ್ಟು ಆ ಕಣಗಳಲ್ಲಿದೆ. ಇದಕ್ಕೆ ಟಿ6 ಹದ ಎನ್ನುತ್ತಾರೆ. ಇನ್ನು ನಮ್ಮ ವೈದ್ಯರ ಟಾರ್ಚು: ಸಾವಿರ ಡಿಗ್ರಿ ದಾಟುವ ಜ್ವಾಲೆ. ಲೋಹ 200 ಡಿಗ್ರಿ ಮೀರಿ ಕಾದರೆ ಸಾಕು, ಆ ಸೂಕ್ಷ್ಮ ಕಣಗಳು ದಪ್ಪಗಾಗಿ ಹದ ಕೆಡಲು ಶುರುವಾಗುತ್ತದೆ; ಕಾದ ಜಾಗ ಮೆತ್ತಗಾಗುತ್ತದೆ. ಕಬ್ಬಿಣವಾಗಿದ್ದರೆ ಕೆಂಪಗಾಗಿ "ಸಾಕಪ್ಪಾ" ಎಂದು ಸೂಚನೆಯಾದರೂ ಕೊಡುತ್ತಿತ್ತು. ಅಲ್ಯುಮಿನಿಯಂ ಸಂಕೋಚದ ಸ್ವಭಾವದ್ದು. ಕೆಂಪಾಗುವ ಮೊದಲೇ ಕರಗಿ ಕೆಳಗಿಳಿಯುತ್ತದೆ. ಕಣ್ಣಳತೆಯಲ್ಲಿ ಕಾಯಿಸುವವರಿಗೆ ಇದಕ್ಕಿಂತ ಅಪಾಯದ ಲೋಹ ಸಿಗುವುದು ಕಷ್ಟ.

ವೆಲ್ಡಿಂಗ್ ಆದಮೇಲೆ ಮೊದಲಿಗಿಂತ ಗಟ್ಟಿ ಎಂಬ ಮಾತೂ ಯೋಚಿಸತಕ್ಕದ್ದೇ. ಅದು ನಿಜವಾಗಿದ್ದರೆ ಕಾರ್ಖಾನೆಯವರು ಪ್ರತಿ ಹೊಸ ಚಕ್ರವನ್ನೂ ಒಮ್ಮೆ ಸೀಳಿ, ವೆಲ್ಡ್ ಮಾಡಿಯೇ ಮಾರುತ್ತಿದ್ದರು. ಅವರು ಮಾತ್ರ ಉಲ್ಟಾ ಹೊಡೆಯುತ್ತಾರೆ: ಕಾಯಿಸಬೇಡಿ, ಬಗ್ಗಿಸಿ ನೇರ ಮಾಡಬೇಡಿ, ವೆಲ್ಡ್ ಮಾಡಬೇಡಿ ಎಂದು ಕಾರು ಕಂಪನಿಗಳು ಲಿಖಿತವಾಗಿ ಹೇಳುತ್ತವೆ. ಹೊಸ ಚಕ್ರ ಮಾರುವ ಆಸೆ ಅವರಿಗಿಲ್ಲವೇ ಎಂದು ಕೇಳಿದರೆ, ಇದೆ, ಧಾರಾಳವಾಗಿ ಇದೆ. ಸ್ವಾರ್ಥಿಯ ಬಾಯಲ್ಲಿ ಬಂತೆಂದು ಲೋಹ ತನ್ನ ಗುಣ ಬಿಡುವುದಿಲ್ಲವಲ್ಲ.

ಇನ್ನು ಪರೀಕ್ಷೆಯ ಮಾತು. ಹೊಸ ವಿನ್ಯಾಸದ ಚಕ್ರ ಮಾರುಕಟ್ಟೆಗೆ ಬರುವ ಮುಂಚೆ ಐಎಸ್ಒ 7141 ಎಂಬ ಅಂತರರಾಷ್ಟ್ರೀಯ ಮಾನದಂಡದ ಪೆಟ್ಟು ತಿನ್ನುತ್ತದೆ. ಟೈರು ಹಾಕಿದ ಚಕ್ರವನ್ನು 13 ಡಿಗ್ರಿ ಓರೆಯಾಗಿ ಬಿಗಿದು, 230 ಮಿಲಿಮೀಟರ್ ಎತ್ತರದಿಂದ ಅಂಚಿನ ಮೇಲೆ ಭಾರ ಬೀಳಿಸುತ್ತಾರೆ. ಭಾರಕ್ಕೂ ಒಂದು ಸೂತ್ರ: ಚಕ್ರ ಹೊರಬೇಕಾದ ಗರಿಷ್ಠ ತೂಕದ 0.6 ಪಾಲು, ಅದಕ್ಕೆ 180 ಕಿಲೊ ಸೇರಿಸು. 600 ಕಿಲೊ ಹೊರುವ ಚಕ್ರಕ್ಕೆ 540 ಕಿಲೊ ಏಟು. ಕಡ್ಡಿಗಳ ಭಾಗ ಆರುಪಾರು ಸೀಳಬಾರದು, ಒಂದು ನಿಮಿಷದೊಳಗೆ ಗಾಳಿಯೆಲ್ಲ ಖಾಲಿಯಾಗಬಾರದು. ಇದಲ್ಲದೆ ಲಕ್ಷಗಟ್ಟಲೆ ಸುತ್ತು ತಿರುಗಿಸಿ ದಣಿಸುವ ಪರೀಕ್ಷೆಗಳು ಬೇರೆ.

ಟಾರ್ಚು, ಸುತ್ತಿಗೆ, ವೆಲ್ಡಿಂಗ್ ಕಂಡು ಬಂದ ಚಕ್ರಕ್ಕೂ ಪರೀಕ್ಷೆಯುಂಟು. ವೈದ್ಯರು ಬೆರಳಿನಿಂದ ಟಣ್ ಎನ್ನಿಸುತ್ತಾರೆ. ಸೋಪಿನ ನೀರು ಹಚ್ಚಿ ಗುಳ್ಳೆ ಬಂತೇ ನೋಡುತ್ತಾರೆ. ಒಮ್ಮೆ ಗಿರ್ರನೆ ತಿರುಗಿಸಿ, ಒಂದು ಕಣ್ಣು ಮುಚ್ಚಿ, "ಔಟ್ ಇಲ್ಲ ಸಾರ್", ಅಂದರೆ ಓಲಾಟವಿಲ್ಲ, ಎನ್ನುತ್ತಾರೆ. ಮುಗಿಯಿತು, ಚಕ್ರ ಪಾಸು. ಪ್ರಯೋಗಾಲಯಕ್ಕೆ ಅರ್ಧ ಟನ್ ಭಾರ ಬೇಕಾಯಿತು, ಇಲ್ಲಿ ಅರ್ಧ ಬಕೆಟ್ ನೊರೆ ಸಾಕಾಯಿತು. ಈ ಉಳಿತಾಯವನ್ನು ಯಾರೂ ಶ್ಲಾಘಿಸಿಲ್ಲ.

ಸೋಪಿನ ನೀರು ಗಾಳಿ ಸೋರಿಕೆಯನ್ನು ತೋರಿಸುತ್ತದೆ, ನಿಜ. ಲೋಹ ಮೆತ್ತಗಾಗಿದೆಯೇ ಎಂಬುದನ್ನು ಯಾವ ನೊರೆಯೂ ಹೇಳುವುದಿಲ್ಲ. ಆ ಚಕ್ರವಾದರೋ ಕಿಲೋಮೀಟರಿಗೆ ಸುಮಾರು 500 ಸುತ್ತು ಹಾಕುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹದಿಮೂರು, ಹದಿನಾಲ್ಕು ಸುತ್ತು. ಪ್ರತಿ ಸುತ್ತಿಗೂ ಬಿರುಕಿನ ತುದಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ಐದು ಲಕ್ಷ ಸಲ ಎಳೆದಾಟ. ಮೇಲೆ ಬಳಿದ ಬೆಳ್ಳಿ ಬಣ್ಣ ಇದಕ್ಕೆಲ್ಲ ಸಾಕ್ಷಿಯಾಗಿ ಫಳಫಳ ಹೊಳೆಯುತ್ತಿರುತ್ತದೆ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂಬ ಗಾದೆ ಕಟ್ಟಿದವರು ಅಲಾಯ್ ವೀಲ್ ನೋಡಿರಲಿಲ್ಲ. ನೋಡಿದ್ದರೆ ಗಾದೆ ಕಟ್ಟುವ ಶ್ರಮ ಉಳಿಯುತ್ತಿತ್ತು, ಚಕ್ರವನ್ನೇ ತೋರಿಸಿಬಿಡುತ್ತಿದ್ದರು.

ರಿಪೇರಿಯೇ ಪಾಪ ಎಂದು ನಾನು ಹೇಳುತ್ತಿಲ್ಲ. ಫುಟ್‌ಪಾತಿಗೆ ಉಜ್ಜಿ ಗೀರಾದರೆ ಉಜ್ಜಿ ಬಣ್ಣ ಹೊಡೆಸಿ, ಯಾರ ಗಂಟೂ ಹೋಗುವುದಿಲ್ಲ. ಅಂಚು ತುಸು ಬಾಗಿದ್ದರೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ ನಿಧಾನ ಒತ್ತಿ, ಡಯಲ್ ಗೇಜ್ ಇಟ್ಟು ಅಳೆದು, ಬಣ್ಣದ ದ್ರಾವಣ ಇಳಿಸಿ ಬಿರುಕು ಹುಡುಕುವ ನಿಯತ್ತಿನ ಕೆಲಸಗಾರರಿದ್ದಾರೆ. ಕಂಪನಿಗಳು ಅದನ್ನೂ ಒಪ್ಪುವುದಿಲ್ಲ, ಆದರೂ ಟಾರ್ಚಿನವರ ಸಾಲಿನಲ್ಲಿ ಇವರನ್ನು ನಿಲ್ಲಿಸುವುದು ಅನ್ಯಾಯ. ಇವರನ್ನು ಗುರುತಿಸುವುದೂ ಸುಲಭ: ಕಡ್ಡಿಯಲ್ಲೋ ನಟ್ಟಿನ ತೂತಿನ ಬಳಿಯೋ ಬಿರುಕು ಕಂಡರೆ "ಇದು ಆಗಲ್ಲ ಸಾರ್, ಬದಲಾಯಿಸಿ" ಎಂದು ವಾಪಸ್ ಕಳಿಸುತ್ತಾರೆ. ಬಂದ ಗಿರಾಕಿಯನ್ನು ವಾಪಸ್ ಕಳಿಸುವವನಿಗೆ ಕೆಲಸ ಗೊತ್ತಿಲ್ಲ ಎಂಬುದು ಜನರ ತೀರ್ಮಾನ. ಆದ್ದರಿಂದ ಅವರ ಅಂಗಡಿಯ ಮುಂದೆ ಸಾಲು ಇರುವುದಿಲ್ಲ.

ಸರಿ, ಬದಲಾಯಿಸೋಣ ಎಂದು ಹೊರಟರೆ ಎರಡನೆಯ ಅಂಕ ಶುರು. ಚಕ್ರದ ವ್ಯಾಸ ಇಂಚಿನಲ್ಲಿ. ಅಗಲವೂ ಇಂಚಿನಲ್ಲಿ. ಅದು ತನ್ನನ್ನು ಬಿಗಿಯುವ ನಡುಗುಂಬದಿಂದ (ಹಬ್) ಎಷ್ಟು ಒಳಗೆ ಹೊರಗೆ ಕೂರಬೇಕೆಂಬ ಆಫ್‌ಸೆಟ್ ಮಿಲಿಮೀಟರಿನಲ್ಲಿ. ಟೈರಿನ ಅಗಲ ಮಿಲಿಮೀಟರಿನಲ್ಲಿ, ಎತ್ತರ ಶೇಕಡಾವಾರಿನಲ್ಲಿ, ನಡುವಿನ ತೂತು ಮತ್ತೆ ಇಂಚಿನಲ್ಲಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. 1975ರಲ್ಲಿ ಮಿಶೆಲಿನ್ ಕಂಪನಿ ಟಿಆರ್‌ಎಕ್ಸ್ ಎಂಬ ಹೆಸರಿನಲ್ಲಿ ರಿಮ್ಮಿನ ವ್ಯಾಸವನ್ನೂ ಮಿಲಿಮೀಟರಿಗೆ ತಂದಿತು, 390 ಮಿಲಿಮೀಟರ್ ಎಂಬಂತೆ. ಆ ರಿಮ್ಮಿಗೆ ಬೇರೆ ಟೈರು ಕೂರುವಂತಿಲ್ಲ, ಆ ಟೈರಿಗೆ ಬೇರೆ ರಿಮ್ಮು ಒಗ್ಗುವಂತಿಲ್ಲ. ಪ್ರಪಂಚ ನಮಸ್ಕಾರ ಹೇಳಿ ಇಂಚಿಗೆ ಮರಳಿತು.

ಐದು ಬೋಲ್ಟಿನ ವೃತ್ತದ ವ್ಯಾಸವೂ ಹೀಗೇ: ಒಬ್ಬರದು 112 ಮಿಲಿಮೀಟರ್, ಇನ್ನೊಬ್ಬರದು 114.3, ಮತ್ತೊಬ್ಬರದು 108, ಮಗದೊಬ್ಬರದು 120. ಆ 114.3 ಎಂಬುದು ಮಿಲಿಮೀಟರಿನ ವೇಷ ಹಾಕಿದ ನಾಲ್ಕೂವರೆ ಇಂಚು. 112ಕ್ಕೂ ಅದಕ್ಕೂ ವ್ಯತ್ಯಾಸ 2.3 ಮಿಲಿಮೀಟರ್. ಈ ಕೂದಲೆಳೆಯ ಭೇದದಿಂದ ಯಾವ ತಾಂತ್ರಿಕ ಪವಾಡ ನಡೆಯುತ್ತದೋ ತಿಳಿಯದು. ಒಬ್ಬರ ಚಕ್ರ ಇನ್ನೊಬ್ಬರ ಕಾರಿಗೆ ಕೂರದಂತೆ ನೋಡಿಕೊಳ್ಳುವ ಕೆಲಸವಂತೂ ಅಚ್ಚುಕಟ್ಟಾಗಿ ನಡೆಯುತ್ತಿದೆ. "ಬಿಗಿದು ಹಾಕಿದ್ರೆ ಕೂರುತ್ತೆ ಸಾರ್" ಎನ್ನುವವರೂ ಸಿಗುತ್ತಾರೆ. ಅವರು ವೈದ್ಯರ ದಾಯಾದಿಗಳು.

ಎಲ್ಲ ಅಳತೆ ಹೊಂದಿತು ಅನ್ನಿ. ಆಗ ಆ ವಿನ್ಯಾಸ ನಿಂತುಹೋಗಿರುತ್ತದೆ. ಒಂದು ಚಕ್ರ ಒಡೆದದ್ದಕ್ಕೆ ನಾಲ್ಕೂ ಬದಲಾಯಿಸಿ ಎಂಬ ಸಲಹೆ ಬರುತ್ತದೆ, ಇಲ್ಲದಿದ್ದರೆ ಜೋಡಿ ತಪ್ಪುತ್ತದಂತೆ. ಕಾರಿನ ಎಡ ಬಲ ಎರಡೂ ಪಕ್ಕವನ್ನು ಒಟ್ಟಿಗೆ ನೋಡಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ. ವಾರಂಟಿ ಕೇಳಿದರೆ ಗುಂಡಿಯ ಪೆಟ್ಟು ಸಾಮಾನ್ಯವಾಗಿ ಅದರ ಹೊರಗೆ. ರಸ್ತೆಯವರನ್ನು ಕೇಳಿದರೆ ವೇಗ ಹೆಚ್ಚಿತ್ತು ಎನ್ನುತ್ತಾರೆ. ವಿಮೆಯವರು ಫಾರಂ ಕೊಡುತ್ತಾರೆ.

ಅಲ್ಲಿಯವರೆಗೆ ಸ್ಟೆಪ್ನಿ ಹಾಕಿಕೊಂಡು ಓಡಾಡೋಣ ಎಂದು ಡಿಕ್ಕಿ ತೆರೆದರೆ, ಹಿಂದೆ ಐದನೆಯ ಚಕ್ರ ಇರುತ್ತಿದ್ದ ಜಾಗದಲ್ಲಿ ಸಪೂರ ಮರಿಚಕ್ರವೊಂದು, "ಗಂಟೆಗೆ 80 ಕಿಲೋಮೀಟರ್ ಮೀರಬೇಡಿ" ಎಂಬ ಚೀಟಿ ಅಂಟಿಸಿಕೊಂಡು ಮಲಗಿರುತ್ತದೆ. ಅದೂ ಪುಣ್ಯವಂತರಿಗೆ. ಉಳಿದವರಿಗೆ ಸಣ್ಣ ಕಂಪ್ರೆಸರು ಮತ್ತು ಒಂದು ಬಾಟಲಿ ಅಂಟು ದ್ರಾವಣ. ಮೊಳೆ ಚುಚ್ಚಿದ ತೂತಿಗೆ ಆ ದ್ರಾವಣ ಸಾಕು. ಒಡೆದ ರಿಮ್ಮಿಗೆ ಅದನ್ನು ಎಲ್ಲಿಂದ ಹೊಯ್ಯಬೇಕು ಎಂಬುದು ಬಾಟಲಿಯ ಮೇಲಿನ ಸೂಚನೆಯಲ್ಲಿಲ್ಲ.

ಕೊನೆಗೆ ಮಾಲೀಕರು ಬೇಸತ್ತು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋಗುತ್ತಾರೆ. ತಮ್ಮ ಬಿರುಕು ಚಕ್ರವನ್ನು ಗುಜರಿ ತೂಕಕ್ಕೆ ಕೊಟ್ಟು, ಅದೇ ವಿನ್ಯಾಸದ, ಅದೇ ಅಳತೆಯ, ಹೊಸದಾಗಿ ಬಣ್ಣ ಬಳಿದ ಸಿಂಗಲ್ ಪೀಸ್ ಒಂದನ್ನು ಹತ್ತು ಪಟ್ಟು ಬೆಲೆಗೆ ತರುತ್ತಾರೆ. ಅದು ಹೋದ ವಾರ ಇನ್ನೊಬ್ಬರು ಗುಜರಿಗೆ ಕೊಟ್ಟ ಚಕ್ರ. ಇವರು ಕೊಟ್ಟದ್ದರ ಬಣ್ಣ ಒಣಗುವುದನ್ನು ಆ ಇನ್ನೊಬ್ಬರು ಪಕ್ಕದ ಬೆಂಚಿನಲ್ಲಿ ಕಾಯುತ್ತಿರುತ್ತಾರೆ.